ಬ್ಯಾಂಡ್ ಅಂದ್ರ ಯಾವ ಬ್ಯಾಂಡ್?

"ಬ್ಯಾಂಡ್ ಕಟ್ಟೀವಿ ಕಾಕಾ" ಎಂದು ನಾನು ಮೊದಲು ಹೇಳಿದ್ದು ನಮ್ಮ ಓಣಿಯ ಕಿರಾಣಿ ಅಂಗಡಿಯವರಿಗೆ. ಸಕ್ಕರೆ ತೂಗುತ್ತಿದ್ದ ಅವರ ಕೈ ನಿಲ್ಲಲಿಲ್ಲ. "ಚಲೋ ಆತು ಬಿಡು. ದೀಪಾವಳಿ ಆದಮ್ಯಾಲ ನಮ್ಮ ಹುಡುಗಿ ಮದುವಿ ಹಿಡದೀವಿ. ಮೆರವಣಿಗಿಗೆ ಎಷ್ಟು ತಗೊಂತೀರಿ? ಕುದುರಿ ನೀವಾ ತರ್ತೀರೇನು?" ಅಂದರು.

2009ರ ಆಷಾಢದ ಮಾತಿದು. ರಾಯಚೂರಿನಲ್ಲಿ ಬ್ಯಾಂಡ್ ಅಂದರೆ ಕೆಂಪು ಕೋಟು, ಭುಜದ ಮೇಲೆ ಜರಿ, ಕ್ಲಾರಿಯೋನೆಟ್ಟು, ಎರಡೂ ಬದಿಗೆ ತಲೆ ಮೇಲೆ ಲೈಟು ಹೊತ್ತು ನಡೆಯುವವರು, ಕುದುರೆ ಮೇಲೆ ಬೆವರುವ ಮದುಮಗ. ಸ್ಟೇಜಿನ ಮೇಲೆ ನಿಂತು ಬಾರಿಸಿದರೆ ಅದು ಆರ್ಕೆಸ್ಟ್ರಾ. ಅದರ ರೇಟೂ ಜನಕ್ಕೆ ಗೊತ್ತಿತ್ತು, ಹಾಡಿನ ಪಟ್ಟಿಯೂ ಗೊತ್ತಿತ್ತು. ನಾವು ಎರಡೂ ಅಲ್ಲ ಎಂದು ವಿವರಿಸಲು ಹೊರಟರೆ ಪೂರ್ತಿ ಕೇಳಿಸಿಕೊಂಡು, "ಅಂದ್ರ ಭಜನಾ ಮಂಡಳಿ ಥರ?" ಎನ್ನುತ್ತಿದ್ದರು.

ರಾಕ್ ಬ್ಯಾಂಡಿನವರ ಸಂದರ್ಶನ ಓದಿ ನೋಡಿ. ಎಲ್ಲರಿಗೂ ಗಿಟಾರು ಮುರಿದ ಒಬ್ಬ ಅಪ್ಪ, ಪೊಲೀಸರನ್ನು ಕರೆಸಿದ ಒಬ್ಬ ನೆರೆಮನೆಯವ ಇರುತ್ತಾನೆ. ನಮಗೆ ಆ ಭಾಗ್ಯವೂ ಇರಲಿಲ್ಲ. ವಿರೋಧಿಸಬೇಕಾದರೆ ಮೊದಲು ಅದೇನು ಅಂತ ತಿಳಿಯಬೇಕಲ್ಲ! ನಮ್ಮಪ್ಪ ಮಾಸ್ತರು. ಗಿಟಾರನ್ನು ಒಮ್ಮೆ ಎತ್ತಿ, ಬೆರಳಿನಿಂದ ತಟ್ಟಿ, "ಸಾಗವಾನಿ ಅಲ್ಲಿದು" ಎಂದು ಕೆಳಗಿಟ್ಟರು. ಅವರ ಕಡೆಯಿಂದ ಬಂದ ಪ್ರತಿರೋಧ ಅಷ್ಟೇ.

ನಾವು ನಾಲ್ಕು ಮಂದಿ. ಗಿಟಾರು ನನ್ನದು. ಹೈದರಾಬಾದಿನ ಕೋಠಿಯಲ್ಲಿ ಹಳೆಯದೊಂದು ಸಿಕ್ಕಿತ್ತು, ಮಗು ಕೂರಿಸಿಕೊಂಡಂತೆ ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದೆ. ಬೇಸ್ ಗಿಟಾರು ಶಕ್ತಿನಗರದವನದು. ಅವರಪ್ಪನಿಗೆ ಶಾಖೋತ್ಪನ್ನ ಕೇಂದ್ರದಲ್ಲಿ ನೌಕರಿ. ಹಾಡುವವನು ಮಾನ್ವಿಯವನು. ನಾವು ಮೂವರೂ ಎಂಜಿನಿಯರಿಂಗ್ ಎರಡನೇ ವರ್ಷ, ಒಂದೇ ಬೆಂಚು. ನಾಲ್ಕನೆಯವನು ಸಣ್ಣಾಂವ. ಅವನ ಮನೆಯಲ್ಲಿ ಹಾಗೆ ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು.

ಸಣ್ಣಾಂವ ಕಣ್ಣಿಗೆ ಬಿದ್ದದ್ದು ತೀನ್ ಕಂದೀಲ್ ವೃತ್ತದ ಹತ್ತಿರ, ಒಂದು ಮದುವೆ ಮೆರವಣಿಗೆಯಲ್ಲಿ. ಹದಿನೇಳು ವರ್ಷದ ಹುಡುಗ, ಮೈಗಿಂತ ದೊಡ್ಡ ಕೋಟು, ಕೊರಳಲ್ಲಿ ಸೈಡ್ ಡ್ರಮ್ಮು. ಅಡ್ಡಾದಿಡ್ಡಿ ಆಟೋಗಳಿಂದಾಗಿ ಮೆರವಣಿಗೆ ನಿಂತಾಗ ಉಳಿದವರು ಬೀಡಿ ಹಚ್ಚಿದರು. ಇವನೊಬ್ಬನೇ ಬಾರಿಸುತ್ತಲೇ ಇದ್ದ. ಎಡಗೈ ಬಾಣಲೆಯಲ್ಲಿ ಹುರುಳಿ ಹುರಿದಂತೆ ಚಟಪಟ ಉರುಳುತ್ತಿತ್ತು. ಬಲಗೈ ನೆನಪಾದಾಗ ಬಂದು ಒಂದು ಏಟು ಕೊಟ್ಟು ಹೋಗುತ್ತಿತ್ತು. ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು, ನಿಂತು ನಿಂತು ಓಡುವ ವಿಡಿಯೊಗಳಲ್ಲಿ ನಾವು ಹುಡುಕುತ್ತಿದ್ದದ್ದು ಈ ಹುಡುಗನ ಮಣಿಕಟ್ಟಿನಲ್ಲಿತ್ತು. "ನಮ್ಮ ಜೋಡಿ ಬಾರಸ್ತೀಯೇನೋ?" ಎಂದು ಕೇಳಿದೆ. "ಎಷ್ಟು ಕೊಡ್ತೀರಣ್ಣ?" ಅಂದ. ನಾವು ಮೂವರೂ ನಕ್ಕೆವು. ಅವನು ನಕ್ಕಿರಲಿಲ್ಲ. ಅದು ನನಗೆ ಹೊಳೆಯಲು ಒಂದು ವರ್ಷ ಹಿಡಿಯಿತು.

ಡ್ರಮ್ ಸೆಟ್ ಕೊಳ್ಳುವ ಮಾತೇ ಇರಲಿಲ್ಲ, ಕಟ್ಟಿದೆವು. ಸಣ್ಣಾಂವನ ಅಪ್ಪನ ಮದುವೆ ಬ್ಯಾಂಡಿನಲ್ಲಿ ಮೂಲೆಗೆ ಬಿದ್ದಿದ್ದ ದೊಡ್ಡ ಡ್ರಮ್ಮನ್ನು ನೆಲದ ಮೇಲೆ ನಿಲ್ಲಿಸಿ, ಉರುಳದಂತೆ ಎರಡೂ ಕಡೆ ಇಟ್ಟಂಗಿ ಕೊಟ್ಟೆವು. ಕಾಲಲ್ಲಿ ತುಳಿಯುವ ಪೆಡಲ್ಲು ಗಂಜ್ ಮಾರುಕಟ್ಟೆ ಕಡೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಹುಟ್ಟಿತು: ಹಲಗೆ ಹಳೆ ಹೊಲಿಗೆ ಮಿಷನ್ನಿನದು, ಸ್ಪ್ರಿಂಗು ಯಾವುದೋ ಮೊಪೆಡ್ಡಿನದು, ಏಟು ಬೀಳುವ ತುದಿಗೆ ಹವಾಯಿ ಚಪ್ಪಲಿಯ ರಬ್ಬರು. ತಾಳಗಳೂ ಮೆರವಣಿಗೆಯವೇ, ಒಂದಕ್ಕೆ ಅಂಚಿನಲ್ಲಿ ಸೀಳು. ಎಲ್ಲ ಸಿದ್ಧವಾದ ಮೇಲೆ ಸಣ್ಣಾಂವನನ್ನು ಸ್ಟೂಲಿನ ಮೇಲೆ ಕೂರಿಸಿದೆವು. ಅವನು ಕೋಲು ಹಿಡಿದು ಸುಮ್ಮನೆ ಕುಳಿತ. "ನಡೀಲಾರದ ಹ್ಯಾಂಗ ಬಾರಸ್ತಾರಣ್ಣ?"

ನಿಜವೇ. ಅವನ ತಾಳ ಹೆಜ್ಜೆಯಲ್ಲಿತ್ತು. ಕುಳಿತಲ್ಲೇ ಕಾಲು ಮುಂದೆ ಮುಂದೆ ಹೋಗಿ, ಮೊದಲ ವಾರವೆಲ್ಲ ಡ್ರಮ್ಮು ಇಟ್ಟಂಗಿ ದಾಟಿ ಗೋಡೆ ಸೇರುತ್ತಿತ್ತು.

ಗೋಡೆ ಅಂದೆನಲ್ಲ, ಅದು ಒಂದು ಜಿನ್ನಿಂಗ್ ಮಿಲ್ಲಿನ ಗೋದಾಮಿನದು. ರಾಯಚೂರು ಹತ್ತಿಯ ಊರು. ದಸರೆ, ದೀಪಾವಳಿಯ ಹೊತ್ತಿಗೆ ಹತ್ತಿ ಬರಲು ಶುರುವಾದರೆ ಬೇಸಿಗೆವರೆಗೂ ಗಂಜಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಮೇಲೆ ಮಿಲ್ಲುಗಳು ಬಾಯಿ ಮುಚ್ಚಿಕೊಂಡು ಮಲಗುತ್ತವೆ. ಮಾಲೀಕರು ಶಕ್ತಿನಗರದವನ ಸೋದರಮಾವನಿಗೆ ಪರಿಚಯ. ಮಳೆಗಾಲದಲ್ಲಿ ಗೋದಾಮು ಖಾಲಿ, ಕಾವಲಿಗೆ ಒಬ್ಬ ತಾತ. ಬಾಡಿಗೆ ಇಲ್ಲ, ತಾತನಿಗೆ ದಿನಕ್ಕೆ ಎರಡು ಚಹಾ.

ಖಾಲಿ ಗೋದಾಮೆಂದರೆ ತಗಡಿನ ಸೂರಿನ ಬಾವಿ. ಒಂದು ಏಟು ಹೊಡೆದರೆ ನಾಲ್ಕು ಕೇಳುತ್ತಿತ್ತು. ಹಾಡು ಮುಗಿದ ಮೇಲೂ ಸದ್ದು ಸೂರಿನಲ್ಲಿ ಓಡಾಡಿಕೊಂಡಿರುತ್ತಿತ್ತು. ಆ ವರ್ಷ ಹತ್ತಿ ಬಂದು ಬೇಲುಗಳು ಆಳೆತ್ತರ ಪೇರಿಸಿಕೊಂಡಾಗ ಸಾಮಾನು ತೆಗೆಯಲು ಹೋದೆವು. ಮಾನ್ವಿಯವನು ಸುಮ್ಮನೆ ಒಂದು ಸಾಲು ಗುನುಗಿದ. ಅಬ್ಬಾ! ಗಂಟಲಿನೊಳಗಿನ ತೇವವೂ ಕೇಳಿಸಿತು. ಹತ್ತಿ ಪ್ರತಿಧ್ವನಿಯನ್ನೆಲ್ಲ ಕುಡಿದುಬಿಟ್ಟಿತ್ತು. ಬೆಂಗಳೂರಿನ ಸ್ಟುಡಿಯೋಗಳು ಲಕ್ಷಗಟ್ಟಲೆ ಸುರಿದು ಮಾಡಿಸಿಕೊಳ್ಳುವ ಮೌನ, ನಮ್ಮೆದುರು ರಾಶಿ ಬಿದ್ದಿತ್ತು. ಆದರೆ ಹತ್ತಿ ಇರುವ ಕಡೆ ವೈರು ಎಳೆಯುವ ಹಾಗಿಲ್ಲ. ಒಂದು ಕಿಡಿ ಸಾಕು, ಗೋದಾಮೇ ಬೂದಿ. ತಾತ ಬೀಡಿ ಸೇದಲೂ ಗೇಟಿನಾಚೆ ಹೋಗುತ್ತಿದ್ದ. ಹತ್ತಿ ಇದ್ದಾಗ ಕರೆಂಟಿಲ್ಲ, ಕರೆಂಟಿದ್ದಾಗ ಹತ್ತಿಯಿಲ್ಲ. ಕೊನೆಗೆ ನೆಲ ಗುಡಿಸಿದ ಕಸರು ಹತ್ತಿಯನ್ನು ತಾತನಿಗೆ ಹೇಳಿ ಎರಡು ಚೀಲ ತುಂಬಿಕೊಂಡು, ದೊಡ್ಡ ಡ್ರಮ್ಮಿನ ಹೊಟ್ಟೆಗೆ ತುರುಕಿದೆವು. ಅದುವರೆಗೆ 'ಢಂಯ್' ಎನ್ನುತ್ತಿದ್ದದ್ದು 'ದಬ್' ಅಂದಿತು. ಅಷ್ಟಾದರೂ ದಕ್ಕಿತು.

ಇನ್ನು ಸಣ್ಣಾಂವನ ಲೆಕ್ಕ. ತುಳಸಿ ಲಗ್ನ ಆಯಿತೆಂದರೆ ಅವನು ಮಾಯ. ಧನುರ್ಮಾಸದಲ್ಲಿ ಮುಖ ತೋರಿಸಿ, ಮಾಘದಲ್ಲಿ ಮತ್ತೆ ಮಾಯ. ವೈಶಾಖ, ಜ್ಯೇಷ್ಠದಲ್ಲಂತೂ ಒಂದೇ ದಿನ ಮೂರು ಮುಹೂರ್ತ. ಆಷಾಢ ಬಂದರೆ ಮದುವೆ ಇಲ್ಲ, ಗೋದಾಮಿನಲ್ಲಿ ಹತ್ತಿ ಇಲ್ಲ, ನಮಗೆ ಪರೀಕ್ಷೆಯೂ ಮುಗಿದಿರುತ್ತಿತ್ತು. ಪಂಚಾಂಗ ನೋಡಿ ಪ್ರಾಕ್ಟೀಸ್ ಮಾಡಿದ ರಾಕ್ ಬ್ಯಾಂಡ್ ಜಗತ್ತಿನಲ್ಲಿ ಬಹುಶಃ ನಮ್ಮದೊಂದೇ. ಹೊಸ ಮದುಮಕ್ಕಳನ್ನು ಬೇರೆ ಮಾಡುವ ತಿಂಗಳು ನಮ್ಮನ್ನು ಒಂದು ಮಾಡುತ್ತಿತ್ತು.

ಆಂಪ್ಲಿಫೈಯರ್ ಇರಲಿಲ್ಲ. ಮೈಕ್ ಸೆಟ್ಟಿನವರ ಹತ್ತಿರ ಅಹುಜಾ ಆಂಪ್ಲಿಫೈಯರ್ ಒಂದು ದಿನ ಬಾಡಿಗೆಗೆ ಸಿಗುತ್ತಿತ್ತು. ಜಾತ್ರೆ, ಭಾಷಣ, ಸತ್ಯನಾರಾಯಣ ಪೂಜೆ ಎಲ್ಲಕ್ಕೂ ಅದೇ. ಅದರ ಮೈಕಿನ ತೂತಿಗೆ ಗಿಟಾರಿನ ವೈರು ಸಿಕ್ಕಿಸಿ ದನಿ ಏರಿಸಿದರೆ ಸದ್ದು ಹರಿದು ಗೊರಗೊರ ಅನ್ನುತ್ತದೆ. ಮಂತ್ರಿಗಳ ಭಾಷಣದಲ್ಲಿ ಅದು ದೋಷ, ನಮಗೆ ಬೇಕಾದದ್ದೇ ಅದು. ಹೊರಗೆ ಬರುವುದು ಮಾತ್ರ ಕಹಳೆಯಂಥ ಹಾರ್ನಿನಿಂದ. ಹಾರ್ನಿಗೆ ಮಾತು ದೂರ ಒಯ್ಯುವುದು ಗೊತ್ತು, ತಗ್ಗಿನ ಸ್ವರ ಗೊತ್ತಿಲ್ಲ. ಹಾಗಾಗಿ ನನ್ನ ಗಿಟಾರು ಕಣಜದ ಗೂಡಿಗೆ ಕಲ್ಲು ಹೊಡೆದಂತೆ ಕೇಳುತ್ತಿತ್ತು, ಶಕ್ತಿನಗರದವನ ಬೇಸು ಕೇಳುತ್ತಲೇ ಇರಲಿಲ್ಲ. ಪಾಪ, ಮೊದಲ ಆರು ತಿಂಗಳು ಅವನೇನು ನುಡಿಸಿದ ಎಂಬುದು ಅವನಿಗೂ ಗೊತ್ತಿಲ್ಲ.

ಆದರೆ ನಮ್ಮ ಧೈರ್ಯವೆಲ್ಲ ಅವನ ಬಾಯಲ್ಲಿತ್ತು. 1964ರಲ್ಲಿ ಲಂಡನ್ನಿನ ಡೇವ್ ಡೇವಿಸ್ ಎಂಬ ಹುಡುಗ ತನ್ನ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿ ಆ ಹರಕು ಸದ್ದು ತೆಗೆದದ್ದನ್ನು ಅವನು ಪುರಾಣದ ಹಾಗೆ ಹೇಳುತ್ತಿದ್ದ. ಅವನ ಕುಲದೈವ ಮಾತ್ರ ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ, ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರಿನವನು. ಹದಿನೇಳನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳಿನ ತುದಿ ಕತ್ತರಿಸಿಹೋದವನು, ಪ್ಲಾಸ್ಟಿಕ್ ಬಾಟಲಿ ಕರಗಿಸಿ ಟೊಪ್ಪಿಗೆ ಮಾಡಿ ಬೆರಳಿಗೆ ತೊಡಿಸಿಕೊಂಡವನು, ಮುಂದೆ ನೋವು ತಪ್ಪಿಸಲು ತಂತಿಗಳನ್ನೇ ಸಡಿಲಿಸಿದವನು. ಬ್ಲ್ಯಾಕ್ ಸಬ್ಬತ್‌ನ ಆ ಕತ್ತಲೆಯ ಸದ್ದಿನ ಮೂಲ ಅಲ್ಲಿದೆ. "ಕಾರ್ಖಾನಿ ಊರಾಗ ಹುಟ್ಟಿದ್ ಸಂಗೀತಲೇ ಇದು, ನಮ್ಮೂರು ಏನು ಕಡಿಮಿ?" ಎನ್ನುತ್ತಿದ್ದ. ಕಡಿಮೆಯೇನಿಲ್ಲ. ಅಯೋಮಿ ಕೈಯಾರೆ ಸಡಿಲಿಸಬೇಕಾಯಿತು; ರಾಯಚೂರಿನ ಏಪ್ರಿಲಿನಲ್ಲಿ, ನಲವತ್ತೆರಡು ಡಿಗ್ರಿಯಲ್ಲಿ, ತಗಡಿನ ಕೆಳಗೆ, ಉಕ್ಕಿನ ತಂತಿ ತಾನೇ ಹಿಗ್ಗಿ ಇಳಿಯುತ್ತದೆ. ಹಾಡಿನ ಮೊದಲಿಗೆ ಇದ್ದ ಶ್ರುತಿ ಕೊನೆಗೆ ಇರುತ್ತಿರಲಿಲ್ಲ.

ಶ್ರುತಿಯದೇ ಇನ್ನೊಂದು ಕತೆ. ನನ್ನ ಗಿಟಾರಿಗೆ ಅರ್ಥಿಂಗ್ ಸರಿ ಇರಲಿಲ್ಲ. ಸ್ವಿಚ್ ಹಾಕಿದ ಕೂಡಲೇ 'ಗುಂಯ್' ಅಂತ ಒಂದೇ ಸಮನೆ ಸದ್ದು. ವೈರು ಬದಲಿಸಿದೆ, ಹಾಳೆ ಸುತ್ತಿದೆ, ಒದ್ದೆ. ಹೋಗಲಿಲ್ಲ. ಒಂದು ದಿನ ಮಾನ್ವಿಯವನು ಆ ಗುಂಯ್‌ಗೆ ಷಡ್ಜ ಹಿಡಿದು ಅಜ್ಜಿ ಕಲಿಸಿದ ದಾಸರ ಪದವೊಂದನ್ನು ಎತ್ತಿಕೊಂಡ. ಜಗನ್ನಾಥದಾಸರ ಊರಿನವನಲ್ಲವೇ, ತಂಬೂರಿ ಇಲ್ಲದೆ ಅವನ ಬಾಯಿ ತೆರೆಯುತ್ತಿರಲಿಲ್ಲ. ಶಕ್ತಿನಗರದವನು ಬೇಸಿನ ತಂತಿ ಮೀಟಿ ಪರೀಕ್ಷಿಸಿ, ಇದು ಪಾಶ್ಚಾತ್ಯರ ಜಿ ಸ್ವರ, ಕೂದಲೆಳೆಯಷ್ಟು ಏರು ಎಂದ. ಅವರಪ್ಪನನ್ನು ಕೇಳಿದಾಗ ಅವರು ಚಹಾ ಲೋಟ ಕೆಳಗಿಟ್ಟು ಪಾಠವನ್ನೇ ಮಾಡಿದರು: "ನಮ್ಮ ಟರ್ಬೈನ್ ನಿಮಿಷಕ್ಕ 3,000 ಸುತ್ತು ತಿರುಗ್ತದ. ಅರವತ್ತರಿಂದ ಭಾಗಿಸ್ರಿ. ಸೆಕೆಂಡಿಗೆ 50. ನಿಮ್ಮ ಗಿಟಾರದಾಗ ಗುಂಯ್ ಅನ್ನೋದು ಅದಾ." 1985ರಲ್ಲಿ ಮೊದಲ ಘಟಕ ಶುರುವಾದ ಆ ಕೇಂದ್ರದಲ್ಲಿ ಆ ಹೊತ್ತಿಗೆ ಏಳು ಘಟಕ ಓಡುತ್ತಿದ್ದವು. ಅಂದರೆ ಕೃಷ್ಣೆಯ ದಂಡೆಯಲ್ಲಿ ಕಲ್ಲಿದ್ದಲು ಸುಟ್ಟು ನಮಗೊಂದು ತಂಬೂರಿ ನುಡಿಸುತ್ತಿದ್ದರು. ಅಂದಿನಿಂದ ನಾವು ಪೆಟ್ಟಿಗೆ ನೋಡಿ ಶ್ರುತಿ ಮಾಡುವುದು ಬಿಟ್ಟು ಗುಂಯ್‌ಗೇ ಶ್ರುತಿ ಮಾಡತೊಡಗಿದೆವು. ತೊಂದರೆ ಒಂದೇ: ಕರೆಂಟು ಹೋದರೆ ತಂಬೂರಿಯೂ ಹೋಗುತ್ತಿತ್ತು. ಇಡೀ ನಾಡಿಗೆ ಕರೆಂಟು ಕೊಡುವ ಜಿಲ್ಲೆಯಲ್ಲಿ ಅದು ಹೋಗುತ್ತಲೇ ಇರುತ್ತಿತ್ತು ಎಂಬುದನ್ನು ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಮೊದಮೊದಲು ಇಂಗ್ಲಿಷ್ ಹಾಡುತ್ತಿದ್ದೆವು. ಕನ್ನಡ ಹಾಡಿದರೆ ಭಾವಗೀತೆ ಆಗಿಬಿಡುತ್ತದೆ ಎಂಬ ಭಯ. ಭಯಕ್ಕೆ ಕಾರಣವೂ ಇತ್ತು: ಕನ್ನಡದ ಮಾತು ಸ್ವರಾಕ್ಷರದಲ್ಲಿ ಮುಗಿಯುತ್ತದೆ, ಕಿರುಚಿ ನಿಲ್ಲಿಸಬೇಕೆಂದಲ್ಲಿ ಬಾಯಿ ತೆರೆದೇ ಉಳಿಯುತ್ತದೆ. ದಾರಿ ತೋರಿಸಿದ್ದು ಸಣ್ಣಾಂವ, ಅದೂ ಬೇಸರಕ್ಕೆ. "ರೊಕ್ಕ, ಬುತ್ತಿ, ಹತ್ತಿ, ಕಟ್ಟಿ, ಇಂಥವು ಹಾಕ್ರಣ್ಣ, ಕೋಲು ಬೀಳಾಕ ಜಾಗಾ ಸಿಗ್ತದ" ಅಂದ. ಒತ್ತಕ್ಷರದ ಮೇಲೆ ಏಟು! ನಾವು ಅಂತ್ಯದಲ್ಲಿ ಹುಡುಕುತ್ತಿದ್ದ ಗಟ್ಟಿತನ ನಡುವೆ ಇತ್ತು. ಹಾಗೆ ಹುಟ್ಟಿದ ನಮ್ಮ ಮೊದಲ ಸ್ವಂತ ಹಾಡು ಗಂಜಿನಲ್ಲಿ ತೂಕಕ್ಕೆ ಕಾಯುವ ಹತ್ತಿ ಗಾಡಿಗಳ ಮೇಲೆ. ಈಗ ಸಾಹಿತ್ಯ ಓದಿದರೆ ನಾಚಿಕೆಯಾಗುತ್ತದೆ, ಆ 'ತ್ತಿ'ಗಳ ಬಗ್ಗೆ ಇಲ್ಲ.

ಆ ವರ್ಷವೇ, ಸೆಪ್ಟೆಂಬರ್ ಕೊನೆಗೆ, ಮಹಾಮಳೆ ಬಂತು. ಕೃಷ್ಣೆ, ತುಂಗಭದ್ರೆ ಎರಡೂ ಉಕ್ಕಿ, ಮಾನ್ವಿಯವನ ಅಜ್ಜಿಯ ಊರಿನಲ್ಲಿ ಮಣ್ಣಿನ ಮನೆಗಳು ಕೂತುಬಿಟ್ಟವು. ನೆರೆ ಸಂತ್ರಸ್ತರಿಗೆ ಹಣ ಕೂಡಿಸಲು ನಮ್ಮ ಓಣಿಯವರು ಮೆರವಣಿಗೆ ತೆಗೆದಾಗ ಸಣ್ಣಾಂವನ ಮನೆಯವರೆಲ್ಲ ಕೆಂಪು ಕೋಟು ಹಾಕಿಕೊಂಡು ಪುಕ್ಕಟೆಯಾಗಿ ಮುಂದೆ ಬಾರಿಸುತ್ತಾ ನಡೆದರು. ನಾವು ಮೂವರು ಡಬ್ಬಿ ಹಿಡಿದು ಹಿಂದೆ ನಡೆದೆವು. ಗಿಟಾರಿಗೆ ಬೀದಿಯಲ್ಲಿ ಎಲ್ಲಿ ಪ್ಲಗ್ಗು?

ಮೊದಲ ಪ್ರದರ್ಶನ 2010ರ ಗಣೇಶ ಚೌತಿಗೆ. ಸಾವಿರದ ಐನೂರು ರೂಪಾಯಿ, ಊಟ. ಇಷ್ಟೆಲ್ಲ ಆಗಿಯೂ ನಮಗಿನ್ನೂ ಹೆಸರಿರಲಿಲ್ಲ. ನನ್ನ ನೋಟ್‌ಬುಕ್ಕಿನ ಕೊನೆಯ ನಾಲ್ಕು ಪುಟ ಹೊಡೆದು ಹಾಕಿದ ಹೆಸರುಗಳೇ. ಕಮಿಟಿಯವರು ಕಾದು ಸಾಕಾಗಿ ಕರಪತ್ರದಲ್ಲಿ 'ಭರ್ಜರಿ ಆರ್ಕೆಸ್ಟ್ರಾ' ಎಂದು ಹಾಕಿಸಿದ್ದರು. ಮೊದಲ ಹಾಡಿಗೆ ಜನ ಸುಮ್ಮನೆ ನೋಡಿದರು, ಸೌಂಡ್ ಚೆಕ್ ಇರಬೇಕು ಅಂದುಕೊಂಡು. ಎರಡನೆಯದರಲ್ಲಿ "ಅಪ್ಪು ಹಾಡು ಹಾಕ್ರಿ" ಎಂಬ ಕೂಗು, ಹಿಂದಿನಿಂದ "ತೆಲುಗು ಒಂದ್ ಬಿಡ್ರಿ". ಮೂರನೆಯದರ ನಡುವೆ ಕರೆಂಟು ಹೋಯಿತು. ಜನರೇಟರು ಇತ್ತು, ಆದರೆ ಅದು ದೇವರ ಲೈಟಿಗೆ.

ನಾನು ಗಿಟಾರು ಹಿಡಿದು ನಿಂತೇ ಇದ್ದೆ. ಸದ್ದಿಲ್ಲದ ಗಿಟಾರು ಕೊರಳಲ್ಲಿ ಎಷ್ಟು ಭಾರ ಅನ್ನುವುದು ಆಗ ಗೊತ್ತಾಯಿತು. ಸಣ್ಣಾಂವ ಮಾತ್ರ ನಿಲ್ಲಿಸಿರಲಿಲ್ಲ. ಕತ್ತಲಲ್ಲೇ ಸ್ಟೂಲು ಬಿಟ್ಟು ಎದ್ದ, ಸೈಡ್ ಡ್ರಮ್ಮಿನ ಪಟ್ಟಿ ಕೊರಳಿಗೆ ಹಾಕಿಕೊಂಡ, ಮೆಟ್ಟಿಲಿಳಿದು ಜನರ ನಡುವೆ ನಡೆದ. ಮೆರವಣಿಗೆಯ ಬಡಿತ. ಒಬ್ಬ ಶಿಳ್ಳೆ ಹೊಡೆದ, ಇಬ್ಬರು ಟವೆಲ್ ಬೀಸಿದರು, ಆಮೇಲೆ ಇಡೀ ಓಣಿ. ಒಬ್ಬ ಅವ್ವ ಮೊಮ್ಮಗನನ್ನು ಸೊಂಟದಲ್ಲಿ ಕೂರಿಸಿಕೊಂಡೇ ಹೆಜ್ಜೆ ಹಾಕಿದಳು. ನೋಟುಗಳು ಬಂದವು. ಕಾಲು ಗಂಟೆ ಆದ ಮೇಲೆ ಕರೆಂಟು ಬಂದು ನನ್ನ ಅಹುಜಾ 'ಗುಂಯ್' ಎಂದಾಗ ಯಾರೋ ಸಿಟ್ಟಿನಿಂದ ಕೂಗಿದರು: "ಏ, ಆ ಮಿಷನ್ ಬಂದ್ ಮಾಡ್ರಿ!"

ಪೆಂಡಾಲಿನ ಹಿಂದೆ ನಾನು ಅವನ ಮೇಲೆ ಹರಿಹಾಯ್ದೆ. "ಇದೇನು ಮದುವಿ ಬ್ಯಾಂಡ್ ಅನ್ಕೊಂಡೀಯೇನಲೇ?" ಆ ಮಾತನ್ನು ನಾನು ಯಾವ ದನಿಯಲ್ಲಿ ಹೇಳಿದೆ ಅನ್ನುವುದು ನನಗೆ ಇವತ್ತಿಗೂ ಕೇಳುತ್ತದೆ. ಒಂದು ವರ್ಷದಿಂದ ಅವನ ಡ್ರಮ್ಮು, ಅವನ ತಾಳ, ಅವರಪ್ಪನ ಮನೆಯ ಚಹಾ. ಅವನು ನೋಟುಗಳನ್ನು ತೊಡೆ ಮೇಲೆ ನೀವಿ ನೀವಿ ಎಣಿಸುತ್ತಿದ್ದ. ತಲೆ ಎತ್ತದೆ, "ಮದುವಿ ಬ್ಯಾಂಡಿಗೆ ರೊಕ್ಕಾರ ಕೊಡ್ತಾರಣ್ಣ" ಅಂದ. ನಾಲ್ಕು ಸಮಪಾಲು ಮಾಡಿ ನನ್ನ ಪಾಲು ಕೊಟ್ಟ. ನಾನು ಇಸಿದುಕೊಂಡೆ. ಎರಡು ನೂರಾ ಹತ್ತು ರೂಪಾಯಿ.

ಆಮೇಲೆ ಅವನು ಬರಲಿಲ್ಲ. ಮುಹೂರ್ತಗಳು ಶುರುವಾದವು ಎಂದು ನಮ್ಮನ್ನು ನಾವೇ ನಂಬಿಸಿಕೊಂಡೆವು. ಧನುರ್ಮಾಸವೂ ಕಳೆಯಿತು. ಕಂಪ್ಯೂಟರಿನ ತಾಳ ಹಾಕಿಕೊಂಡು ನುಡಿಸಿ ನೋಡಿದೆವು. ಎಲ್ಲ ಸರಿಯಾಗಿತ್ತು, ಆಕಳಿಕೆ ಬರುತ್ತಿತ್ತು. ಮುಂದಿನ ಆಷಾಢಕ್ಕೆ ನಾನು ಅವರ ಮನೆಗೆ ಹೋದೆ. ಅವರಪ್ಪ ಬಾಗಿಲಲ್ಲಿ ಕುಳಿತು ಕ್ಲಾರಿಯೋನೆಟ್ಟಿನ ಕೀಲಿಗಳನ್ನು ಒರೆಸುತ್ತಿದ್ದರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದ ಮಾತು ಒಂದೂ ಹೊರಗೆ ಬರಲಿಲ್ಲ. "ಪೆಡಲ್ ಸ್ಪ್ರಿಂಗ್ ಹೊಸಾದು ಹಾಕ್ಸೀನಿ, ಬಂದು ನೋಡು" ಅಂದೆ. ಸಣ್ಣಾಂವ ಚಪ್ಪಲಿ ಹಾಕಿಕೊಂಡ.

2011ರಲ್ಲಿ ಬೇರೆ ಊರಿನ ಒಂದು ಕಾಲೇಜಿನ ಸ್ಪರ್ಧೆಗೆ ಹೋಗಿ ಎರಡನೇ ಹಾಡಿಗೇ ಇಳಿದು ಬಂದದ್ದನ್ನು ವಿಸ್ತರಿಸುವುದರಲ್ಲಿ ಅರ್ಥವಿಲ್ಲ. ಅರ್ಜಿಯಲ್ಲಿ ಬ್ಯಾಂಡಿನ ಹೆಸರು ಎಂಬಲ್ಲಿ 'ರಾಯಚೂರು' ಎಂದು ಬರೆದಿದ್ದೆವು, ಅಷ್ಟು ನೆನಪಿದೆ. ಅದೇ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನಕ್ಕೆ ಅಮೆರಿಕದ ಮೆಟಾಲಿಕಾ ಬ್ಯಾಂಡ್ ಬಂತು. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮೂವರು ಹೋದೆವು. ಟಿಕೆಟಿನ ದರ ಕೇಳಿ ಸಣ್ಣಾಂವ, "ಅಷ್ಟಕ್ಕ ಒಂದು ಜೋಡಿ ತಾಳ ಬರ್ತಾವ" ಎಂದು ನಕ್ಕಿದ್ದ. ಮೂವರು ಸೇರಿ ಅವನ ಟಿಕೆಟ್ ತೆಗೆಯಬಹುದಿತ್ತು. ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ವಾಪಸು ಬಂದು ಒಂದು ತಾಸು ಬಣ್ಣಿಸಿದೆವು: ಜನಸಾಗರ, ಬೆಳಕು, ಎದೆಗೂಡು ನಡುಗಿದ್ದು. ಅವನು ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ: "ಡ್ರಮ್ಮಿನಾಂವ್ಗೂ ಸಮಪಾಲು ಕೊಡ್ತಾರೇನು?"

ಬ್ಯಾಂಡು ಒಡೆಯಲಿಲ್ಲ. ಒಡೆಯಲು ಒಂದು ಜಗಳವಾದರೂ ಬೇಕು. 2012ರಲ್ಲಿ ನಮ್ಮ ಮೂವರಿಗೂ ಬೆಂಗಳೂರು, ಹೈದರಾಬಾದಿನಲ್ಲಿ ನೌಕರಿಯಾಯಿತು. ಆ ಆಷಾಢಕ್ಕೆ ಯಾರಿಗೂ ರಜೆ ಸಿಗಲಿಲ್ಲ. ಅಷ್ಟರಲ್ಲಿ ಮೆರವಣಿಗೆಗಳಿಗೆ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಡೀಜೆ ಬರತೊಡಗಿತ್ತು. ಕೆಂಪು ಕೋಟಿನವರನ್ನು ಶಾಸ್ತ್ರಕ್ಕೆ ಅರ್ಧ ತಾಸು ಕರೆಯುತ್ತಿದ್ದರು, ಆಮೇಲೆ ಅದೂ ಹೋಯಿತು.

ಹೋದ ವರ್ಷ ಊರಿಗೆ ಹೋದಾಗ ಸಣ್ಣಾಂವನನ್ನು ಕಂಡೆ. ಈಗ ಹೊಟ್ಟೆ ಬಂದಿದೆ, ಮನೆ ಮುಂದೆ ಟ್ರಾಲಿ ನಿಂತಿದೆ, ಅದರ ಮೇಲೆ ಆಳೆತ್ತರದ ಬೇಸ್ ಸ್ಪೀಕರುಗಳು. ಬೀಗರ ಮನೆಗೆ ಬಂದವರಿಗೆ ತೋರಿಸುವಂತೆ ಒಂದೊಂದೇ ತೋರಿಸಿದ. "ಜನರೇಟರ್ ನಮ್ದೇ ಅಣ್ಣ. ಕರೆಂಟಿನ ಚಿಂತಿಲ್ಲ." ದೊಡ್ಡ ಡ್ರಮ್ಮು ಏನಾಯಿತೆಂದು ಕೇಳಿದೆ. ಚರ್ಮ ಇಲಿ ತಿಂದಿತಂತೆ, ಗುಜರಿಗೆ ಹಾಕಿದನಂತೆ. ಹೊಟ್ಟೆಯಲ್ಲಿದ್ದ ಹತ್ತಿಯನ್ನು ಅವರವ್ವ ಚೆಲ್ಲಲು ಬಿಡದೆ, ಬಿಸಿಲಿಗೆ ಹಾಕಿ, ಬಡಿದು, ದಿಂಬು ಮಾಡಿದ್ದಾಳೆ. ಮಧ್ಯಾಹ್ನ ಊಟವಾದ ಮೇಲೆ ಅದನ್ನೇ ತಂದು ಹಾಸಿಗೆಯ ಮೇಲೆ ಎಸೆದ. ತಲೆ ಇಟ್ಟರೆ ಗಂಟು ಗಂಟು, ಹತ್ತಿಬೀಜ ಚುಚ್ಚುತ್ತದೆ. "ಚಲೋ ಆರಿಸಿಲ್ಲ ನೋಡು ಅವ್ವ" ಎಂದು ಅವನು ಒಳಗೆ ಕೂಗಿದ. ಒಳಗಿನಿಂದ, "ನಿಮ್ಮ ಬ್ಯಾಂಡಿನ ಹತ್ತಿನಾ ಹಂಗಿತ್ತು, ನಾನೇನ್ ಮಾಡ್ಲಿ" ಎಂಬ ಉತ್ತರ ಬಂತು.